ಕೋಶದಿಂದಲೇ ಕೋಶ: ರಾಬರ್ಟ್ ರೆಮಾಕ್ ಅವರ ಜೀವನ ಮತ್ತು ಸಾಧನೆ



ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲಿ ಜೀವಕೋಶದ ಪಾಠವನ್ನು ನೀವೆಲ್ಲರೂ ಓದಿದ್ದೀರಿ. ಉರ್ದು ಮಾಧ್ಯಮದಲ್ಲಿ ಕಲಿತವರು ಅದನ್ನು ‘ಖಲಿಯಾ’ ಎಂದು ಓದಿರುತ್ತೀರಿ. ಪಾಠ ಯಾವ ಭಾಷೆಯಲ್ಲಿದ್ದರೂ ಅದರಲ್ಲಿ ಬರುವ ಹೆಸರುಗಳು ಮಾತ್ರ ಅವೇ. ಸಸ್ಯಗಳೂ ಪ್ರಾಣಿಗಳೂ ಕೋಶಗಳಿಂದ ಆಗಿವೆ ಎಂದವರು ಶ್ಲೈಡೆನ್ ಮತ್ತು ಶ್ವಾನ್. ಹೊಸ ಕೋಶವು ಹಳೆಯ ಕೋಶದಿಂದಲೇ ಹುಟ್ಟುತ್ತದೆ ಎಂದವರು ವಿರ್ಕೋ. ಪರೀಕ್ಷೆಯಲ್ಲಿ ಇಷ್ಟು ಬರೆದರೆ ಅಂಕ ಸಿಗುತ್ತದೆ. ಆದರೆ ಈ ಸಾಲಿನಲ್ಲಿ ಇರಲೇಬೇಕಾಗಿದ್ದ ಇನ್ನೊಂದು ಹೆಸರಿದೆ. ಕೋಶವು ಎರಡಾಗುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡು, ಹತ್ತು ವರ್ಷಕ್ಕೂ ಮೇಲ್ಪಟ್ಟು ಪರೀಕ್ಷಿಸಿ, ವಿರ್ಕೋ ಅವರಿಗಿಂತ ಮೊದಲೇ ಅದನ್ನು ಪ್ರಕಟಿಸಿದ ವಿಜ್ಞಾನಿ ರಾಬರ್ಟ್ ರೆಮಾಕ್. ವೈದ್ಯಶಾಸ್ತ್ರ ಓದುವವರಿಗೆ ಈ ಹೆಸರು ಹೊಸದಲ್ಲ. ಒಂದು ಬಗೆಯ ನರತಂತುಗಳಿಗೂ ಹೃದಯದಲ್ಲಿರುವ ಒಂದು ನರಗಂಟಿಗೂ ಇಂದಿಗೂ ಅವರದೇ ಹೆಸರಿದೆ. ಶಾಲೆಯ ಮಕ್ಕಳಿಗೂ ಅವರ ಪರಿಚಯವಾಗಬೇಕೆಂಬ ಆಸೆಯಿಂದ ಈ ಲೇಖನ ಬರೆಯುತ್ತಿದ್ದೇನೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ರೆಮಾಕ್ ಅವರು 1815ರ ಜುಲೈ 26ರಂದು ಪೋಸೆನ್ ನಗರದಲ್ಲಿ ಜನಿಸಿದರು. ಇಂದು ಪೋಲೆಂಡಿನ ಪೋಜ್ನಾನ್ ಆಗಿರುವ ಈ ಊರು ಅದೇ ವರ್ಷ ಪ್ರಷ್ಯಾ ರಾಜ್ಯದ ಆಳ್ವಿಕೆಗೆ ಸೇರಿತ್ತು. ಅವರದು ಯಹೂದಿ ಮನೆತನ. ತಂದೆ ಹೊಗೆಸೊಪ್ಪಿನ ಅಂಗಡಿ ಇಟ್ಟುಕೊಂಡಿದ್ದ ಸಾಧಾರಣ ವ್ಯಾಪಾರಿ. ಐವರು ಮಕ್ಕಳಲ್ಲಿ ರಾಬರ್ಟ್ ಹಿರಿಯರು. ಊರಿನಲ್ಲಿ ಶಾಲಾ ಶಿಕ್ಷಣ ಮುಗಿಸಿ 1833ರಲ್ಲಿ ವೈದ್ಯಶಾಸ್ತ್ರ ಕಲಿಯಲು ಬರ್ಲಿನ್ ವಿಶ್ವವಿದ್ಯಾಲಯಕ್ಕೆ ಸೇರಿದರು.

ಅಲ್ಲಿ ಅವರಿಗೆ ದೊರೆತ ಉಸ್ತಾದರು ಯೋಹಾನ್ಸ್ ಮ್ಯುಲ್ಲರ್. ಯುರೋಪಿನಲ್ಲೇ ಹೆಸರಾಂತ ಶರೀರಶಾಸ್ತ್ರಜ್ಞರಾಗಿದ್ದ ಮ್ಯುಲ್ಲರ್ ಅವರು ಶಿಷ್ಯರಿಗೆ ಸೂಕ್ಷ್ಮದರ್ಶಕವನ್ನು ಕೊಟ್ಟು, ಕಣ್ಣಾರೆ ನೋಡಿ ತಿಳಿಯುವ ಅಭ್ಯಾಸ ಮಾಡಿಸುತ್ತಿದ್ದರು. ಶ್ವಾನ್ ಕೂಡ ಅವರ ಶಿಷ್ಯರೇ, ವಿರ್ಕೋ ಕೂಡ ಅವರ ಶಿಷ್ಯರೇ. ರೆಮಾಕ್ ಅವರು ಓದುತ್ತಿರುವಾಗಲೇ ನರತಂತುಗಳ ರಚನೆಯನ್ನು ಅಭ್ಯಾಸ ಮಾಡಿದರು. ಕೆಲವು ನರತಂತುಗಳಿಗೆ ಕೊಬ್ಬಿನ ದಪ್ಪ ಹೊದಿಕೆ ಇರುವುದಿಲ್ಲ ಎಂಬುದನ್ನು ತೋರಿಸಿಕೊಟ್ಟರು. 1838ರಲ್ಲಿ ಈ ವಿಷಯದ ಪ್ರಬಂಧಕ್ಕೆ ವೈದ್ಯ ಪದವಿ ಬಂದಿತು. ಆಗ ಅವರಿಗೆ 23 ವರ್ಷ.

ಇಷ್ಟು ಪ್ರತಿಭೆಯಿದ್ದ ತರುಣನಿಗೆ ವಿಶ್ವವಿದ್ಯಾಲಯದಲ್ಲಿ ಬೋಧಕ ಹುದ್ದೆ ಸಿಗಬೇಕಾಗಿತ್ತು. ಸಿಗಲಿಲ್ಲ. ಪ್ರಷ್ಯಾದಲ್ಲಿ ಯಹೂದಿಗಳು ವೈದ್ಯರಾಗಬಹುದಿತ್ತು, ಆದರೆ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ಹಾಗಿರಲಿಲ್ಲ. 1822ರ ರಾಜಾಜ್ಞೆ ಆ ಬಾಗಿಲನ್ನು ಮುಚ್ಚಿತ್ತು. ಒಂದೇ ಒಂದು ದಾರಿ ಇತ್ತು: ಮತಾಂತರ. ಆ ಕಾಲದಲ್ಲಿ ಹಲವರು ಆ ದಾರಿ ಹಿಡಿದು ಹುದ್ದೆ ಪಡೆದರು. ರೆಮಾಕ್ ಅವರು ಒಪ್ಪಲಿಲ್ಲ. ಉದ್ಯೋಗಕ್ಕಾಗಿ ತಮ್ಮ ಧರ್ಮವನ್ನು ಬಿಡಲಿಲ್ಲ, ಧರ್ಮದ ಕಾರಣ ಅವಮಾನವಾಯಿತೆಂದು ವಿದ್ಯೆಯನ್ನೂ ಬಿಡಲಿಲ್ಲ. ವೈದ್ಯವೃತ್ತಿಯಿಂದ ಹೊಟ್ಟೆ ಹೊರೆದುಕೊಂಡು, ಸಂಬಳವಿಲ್ಲದೆ ಮ್ಯುಲ್ಲರ್ ಅವರ ಪ್ರಯೋಗಾಲಯದಲ್ಲಿ ಕೆಲಸ ಮುಂದುವರಿಸಿದರು.

ಒಂಬತ್ತು ವರ್ಷಗಳ ಕಾಯುವಿಕೆ

1843ರಲ್ಲಿ ಅವರು ಬೋಧನೆಯ ಅನುಮತಿಗಾಗಿ ನೇರವಾಗಿ ದೊರೆ ನಾಲ್ಕನೆಯ ಫ್ರೆಡರಿಕ್ ವಿಲಿಯಂ ಅವರಿಗೇ ಅರ್ಜಿ ಬರೆದರು. ಅರ್ಜಿ ತಿರಸ್ಕೃತವಾಯಿತು. ಅದೇ ವರ್ಷ ಹೆಸರಾಂತ ವೈದ್ಯ ಶೋನ್‌ಲೈನ್ ಅವರು ರೆಮಾಕ್ ಅವರನ್ನು ತಮ್ಮ ಚಿಕಿತ್ಸಾಲಯಕ್ಕೆ ಸಹಾಯಕರಾಗಿ ತೆಗೆದುಕೊಂಡರು. ಶೋನ್‌ಲೈನ್ ಮತ್ತು ಪ್ರಖ್ಯಾತ ವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ ಅವರ ಬೆಂಬಲದಿಂದ ಕೊನೆಗೂ 1847ರಲ್ಲಿ ಅವರಿಗೆ ಪಾಠ ಹೇಳುವ ಅನುಮತಿ ದೊರೆಯಿತು. ಮತಾಂತರವಾಗದೆಯೇ ಬರ್ಲಿನ್ ವೈದ್ಯ ವಿಭಾಗದಲ್ಲಿ ಬೋಧಕರಾದ ಮೊದಲ ಯಹೂದಿ ಅವರು. ಪದವಿ ಪಡೆದು ಆಗಲೇ ಒಂಬತ್ತು ವರ್ಷ ಕಳೆದಿತ್ತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಿ. ಅವರಿಗೆ ಬಾಗಿಲು ಮುಚ್ಚಿದವರು ಅನ್ಯಧರ್ಮೀಯರು ಎಂಬುದು ನಿಜ. ಕೈ ಹಿಡಿದ ಮ್ಯುಲ್ಲರ್, ಶೋನ್‌ಲೈನ್, ಹಂಬೋಲ್ಟ್ ಅವರೂ ಅನ್ಯಧರ್ಮೀಯರೇ. ಅನ್ಯಾಯದ ಕಥೆ ಹೇಳುವಾಗ ಉಪಕಾರ ಮಾಡಿದವರನ್ನು ಮರೆತರೆ ಅದೂ ಒಂದು ಅನ್ಯಾಯವೇ ಆಗುತ್ತದೆ.

ಈ ಒಂಬತ್ತು ವರ್ಷ ಅವರು ಕೈಕಟ್ಟಿ ಕುಳಿತಿರಲಿಲ್ಲ. ತಲೆಯ ಚರ್ಮದಲ್ಲಿ ಹಳದಿ ಹಕ್ಕಳೆ ಕಟ್ಟುವ ಫೇವಸ್ ಎಂಬ ರೋಗಕ್ಕೆ ಒಂದು ಶಿಲೀಂಧ್ರ ಕಾರಣವೆಂದು ಸಾಧಿಸಲು ಅದನ್ನು ತಮ್ಮ ತೋಳಿಗೇ ಅಂಟಿಸಿಕೊಂಡು ರೋಗ ಬರಿಸಿಕೊಂಡರು. 1845ರಲ್ಲಿ ಆ ಶಿಲೀಂಧ್ರಕ್ಕೆ ಹೆಸರಿಡುವಾಗ ತಮ್ಮ ಹೆಸರನ್ನಿಡದೆ, ಶೋನ್‌ಲೈನ್ ಅವರ ಹೆಸರನ್ನಿಟ್ಟರು. 1844ರಲ್ಲಿ ಕಪ್ಪೆಯ ಹೃದಯದೊಳಗೆ ನರಕೋಶಗಳ ಗುಂಪನ್ನು ಗುರುತಿಸಿದರು. ಎಲ್ಲಕ್ಕಿಂತ ದೊಡ್ಡ ಶೋಧಕ್ಕೂ ಈ ವರ್ಷಗಳಲ್ಲೇ ಬೀಜ ಬಿದ್ದಿತು.

ಕೋಶ ಎಲ್ಲಿಂದ ಬರುತ್ತದೆ?

ಶ್ಲೈಡೆನ್ 1838ರಲ್ಲಿ ಸಸ್ಯಗಳ ಬಗ್ಗೆ, ಶ್ವಾನ್ 1839ರಲ್ಲಿ ಪ್ರಾಣಿಗಳ ಬಗ್ಗೆ ಬರೆದು ಕೋಶ ಸಿದ್ಧಾಂತಕ್ಕೆ ಬುನಾದಿ ಹಾಕಿದ್ದರು. ಆದರೆ ಹೊಸ ಕೋಶ ಹೇಗೆ ಹುಟ್ಟುತ್ತದೆ ಎಂಬ ವಿಷಯದಲ್ಲಿ ಇಬ್ಬರೂ ತಪ್ಪಿದ್ದರು. ಸಕ್ಕರೆಯ ಪಾಕ ಆರಿದಾಗ ಹರಳು ಕಟ್ಟುವಂತೆ, ರೂಪವಿಲ್ಲದ ಒಂದು ದ್ರವದಿಂದ ಕೋಶಗಳು ತಾವಾಗಿ ರೂಪುಗೊಳ್ಳುತ್ತವೆ ಎಂಬುದು ಅವರ ನಂಬಿಕೆಯಾಗಿತ್ತು. ದೊಡ್ಡವರ ಮಾತಾದ್ದರಿಂದ ಬಹುಮಂದಿ ಅದನ್ನೇ ಒಪ್ಪಿದರು.

ರೆಮಾಕ್ ಅವರು ಕೋಳಿಮೊಟ್ಟೆಯೊಳಗೆ ಬೆಳೆಯುವ ಭ್ರೂಣದ ರಕ್ತವನ್ನು ಪರೀಕ್ಷಿಸುತ್ತಿದ್ದರು. ನಮ್ಮ ರಕ್ತದ ಕೆಂಪುಕಣಗಳಲ್ಲಿ ಕೋಶಕೇಂದ್ರ ಇರುವುದಿಲ್ಲ, ಕೋಳಿಯದರಲ್ಲಿ ಇರುತ್ತದೆ. 1841ರಲ್ಲಿ ಅವರು ಎರಡೆರಡು ಕೋಶಕೇಂದ್ರಗಳಿರುವ ಕಣಗಳನ್ನೂ, ನಡುವೆ ಸಣ್ಣದಾಗಿ ಜಗ್ಗಿದಂತಿರುವ ಜೋಡಿ ಕಣಗಳನ್ನೂ ಕಂಡರು. ಒಂದು ಕೋಶ ಎರಡಾಗುತ್ತಿರುವ ಬೇರೆಬೇರೆ ಹಂತಗಳು ಅವರ ಕಣ್ಣಮುಂದೆ ಇದ್ದವು.

ಅವರು ಅವಸರಪಡಲಿಲ್ಲ. ಇದು ರಕ್ತಕ್ಕೆ ಮಾತ್ರವೋ, ಎಲ್ಲ ಅಂಗಗಳಿಗೂ ಅನ್ವಯಿಸುವುದೋ ಎಂದು ಪರೀಕ್ಷೆ ಮುಂದುವರಿಸಿದರು. ಕಪ್ಪೆಯ ಮೊಟ್ಟೆಯನ್ನು ರಾಸಾಯನಿಕ ದ್ರಾವಣದಲ್ಲಿ ಗಟ್ಟಿಮಾಡಿ, ಅದು ಎರಡು, ನಾಲ್ಕು, ಎಂಟು ಭಾಗವಾಗುವಾಗ ಪ್ರತಿ ಭಾಗಕ್ಕೂ ಪೊರೆ ಇರುವುದನ್ನು ತೋರಿಸಿದರು. ಅಂದರೆ ಮೊಟ್ಟೆಯೇ ಒಂದು ಕೋಶ, ಅದರ ಭಾಗಗಳೆಲ್ಲ ಅದರ ಸಂತಾನ. 1852ರಲ್ಲಿ ಪ್ರಾಣಿಗಳ ಕೋಶಗಳು ಕೋಶಗಳ ಹೊರಗೆ ತಾವಾಗಿ ಹುಟ್ಟುವುದಿಲ್ಲ, ವಿಭಜನೆಯಿಂದಲೇ ಹೆಚ್ಚುತ್ತವೆ, ರೋಗದ ಗಂಟುಗಳ ಕೋಶಗಳಿಗೂ ಇದೇ ನಿಯಮ ಎಂದು ಸ್ಪಷ್ಟವಾಗಿ ಪ್ರಕಟಿಸಿದರು. 1850ರಿಂದ 1855ರ ನಡುವೆ ಬಂದ ಅವರ ದೊಡ್ಡ ಗ್ರಂಥವು ಭ್ರೂಣದಲ್ಲಿ ಮೂರು ಪದರಗಳಿರುವುದನ್ನು ವಿವರಿಸಿತು. ಹೊರಪದರದಿಂದ ಚರ್ಮ ಮತ್ತು ನರಗಳು, ನಡುಪದರದಿಂದ ಸ್ನಾಯು, ಮೂಳೆ, ರಕ್ತ, ಒಳಪದರದಿಂದ ಕರುಳು ಮೊದಲಾದವುಗಳ ಒಳಮೈ ಉಂಟಾಗುತ್ತವೆ ಎಂದು ನೀವು ಇಂದು ಓದುವ ಪಾಠದ ಮೂಲ ಅದೇ.

ಅವರು ಕಂಡದ್ದರ ಹಿಂದೆ ಇದ್ದದ್ದು

ಕೋಶ ಎರಡಾಗುವುದನ್ನು ರೆಮಾಕ್ ಕಂಡರು. ಆದರೆ ಕೋಶಕೇಂದ್ರವು ಸುಮ್ಮನೆ ನಡುವೆ ಕಿರಿದಾಗಿ ಎರಡು ತುಂಡಾಗುತ್ತದೆ ಎಂದು ಭಾವಿಸಿದ್ದರು. ಅದರೊಳಗಿನ ವರ್ಣತಂತುಗಳನ್ನು ಕಾಣಲು ಒಳ್ಳೆಯ ಬಣ್ಣಗಳೂ ಮಸೂರಗಳೂ ಬೇಕಾಗಿದ್ದವು. ಆ ಕೆಲಸವನ್ನು ಅವರ ನಂತರ ವಾಲ್ಟರ್ ಫ್ಲೆಮಿಂಗ್ ಮಾಡಿ, 1882ರ ತಮ್ಮ ಗ್ರಂಥದಲ್ಲಿ ಮೈಟಾಸಿಸ್ ಎಂಬ ವಿಭಜನೆಯ ಹಂತಗಳನ್ನು ವಿವರಿಸಿದರು.

ಅಷ್ಟಾದರೂ ಒಂದು ಪ್ರಶ್ನೆ ಉಳಿದಿತ್ತು. ವಿಭಜನೆ ಮುಗಿದು ಮುಂದಿನ ವಿಭಜನೆ ಆರಂಭವಾಗುವ ತನಕ ಕೋಶ ಏನು ಮಾಡುತ್ತದೆ? ಸೂಕ್ಷ್ಮದರ್ಶಕದಲ್ಲಿ ಏನೂ ನಡೆಯುವಂತೆ ಕಾಣುತ್ತಿರಲಿಲ್ಲ. ಆದ್ದರಿಂದ ಹಳೆಯ ಪುಸ್ತಕಗಳು ಅದನ್ನು ವಿಶ್ರಾಂತಿಯ ಅವಸ್ಥೆ ಎಂದು ಕರೆದವು. 1953ರಲ್ಲಿ ಆಲ್ಮಾ ಹೋವರ್ಡ್ ಮತ್ತು ಸ್ಟೀಫನ್ ಪೆಲ್ಕ್ ಎಂಬ ವಿಜ್ಞಾನಿಗಳು ಒಂದು ಬಗೆಯ ಅವರೆ ಗಿಡದ ಬೇರಿನ ತುದಿಗೆ ವಿಕಿರಣಶೀಲ ರಂಜಕವನ್ನು ಉಣಿಸಿ, ಡಿ.ಎನ್.ಎ. ಯಾವಾಗ ತಯಾರಾಗುತ್ತದೆ ಎಂದು ಪರೀಕ್ಷಿಸಿದರು. ಅದು ವಿಭಜನೆಯ ಸಮಯದಲ್ಲಲ್ಲ, ಅದಕ್ಕೂ ಮೊದಲೇ, ಆ ವಿಶ್ರಾಂತಿ ಎನ್ನಿಸಿಕೊಂಡ ಕಾಲದಲ್ಲೇ ತಯಾರಾಗುತ್ತಿತ್ತು. ಹೀಗೆ ಕೋಶಚಕ್ರದ ನಾಲ್ಕು ಘಟ್ಟಗಳು ತಿಳಿದುಬಂದವು: ಜಿ-1, ಎಸ್, ಜಿ-2 ಮತ್ತು ಎಂ.

ಜಿ-1 ಬೆಳವಣಿಗೆಯ ಘಟ್ಟ. ಆಗ ತಾನೇ ಹುಟ್ಟಿದ ಕೋಶ ತಾಯಿಕೋಶದ ಅರ್ಧದಷ್ಟಿರುತ್ತದೆ. ಅದು ಆಹಾರ ಹೀರಿ, ಪ್ರೋಟೀನುಗಳನ್ನು ತಯಾರಿಸಿ, ಒಳಗಿನ ಸಲಕರಣೆಗಳನ್ನು ಹೆಚ್ಚಿಸಿಕೊಂಡು ದೊಡ್ಡದಾಗುತ್ತದೆ. ಬೆಳೆಯದೆ ವಿಭಜಿಸುತ್ತ ಹೋದರೆ ಪ್ರತಿ ತಲೆಮಾರಿನ ಕೋಶವೂ ಹಿಂದಿನದರ ಅರ್ಧವಾಗಿ ಕೊನೆಗೆ ಬದುಕಲಾರದು. ಎಸ್ ಘಟ್ಟದಲ್ಲಿ ಡಿ.ಎನ್.ಎ.ಯ ಇನ್ನೊಂದು ಪ್ರತಿ ಸಿದ್ಧವಾಗುತ್ತದೆ. ಮನುಷ್ಯನ ಒಂದು ಕೋಶದಲ್ಲಿ 46 ವರ್ಣತಂತುಗಳಿವೆ. ಅವುಗಳ ಡಿ.ಎನ್.ಎ.ಯನ್ನು ಬಿಡಿಸಿ ಸಾಲಾಗಿ ಇಟ್ಟರೆ ಸುಮಾರು 2 ಮೀಟರ್ ಉದ್ದ, ಅದರಲ್ಲಿ ಸುಮಾರು 600 ಕೋಟಿ ಅಕ್ಷರಜೋಡಿಗಳು. ಅಷ್ಟನ್ನೂ ಸಾವಿರಾರು ಕಡೆಗಳಿಂದ ಒಟ್ಟಿಗೆ ಆರಂಭಿಸಿ ಸುಮಾರು ಎಂಟು ಗಂಟೆಗಳಲ್ಲಿ ನಕಲು ಮಾಡಿ ಮುಗಿಸುತ್ತದೆ. ಜಿ-2 ಘಟ್ಟದಲ್ಲಿ ನಕಲು ಸರಿಯಾಗಿದೆಯೇ ಎಂದು ತಪಾಸಣೆ ನಡೆಯುತ್ತದೆ, ತಪ್ಪಿದ್ದರೆ ರಿಪೇರಿಯಾಗುತ್ತದೆ, ವಿಭಜನೆಗೆ ಬೇಕಾದ ಸಾಮಗ್ರಿ ಒದಗುತ್ತದೆ. ಕೊನೆಯದು ಎಂ, ಅಂದರೆ ವಿಭಜನೆ.

ಪ್ರಯೋಗಾಲಯದಲ್ಲಿ ಬೆಳೆಸಿದ, 24 ಗಂಟೆಗೊಮ್ಮೆ ವಿಭಜಿಸುವ ಮನುಷ್ಯನ ಕೋಶವೊಂದರ ಲೆಕ್ಕ ನೋಡಿ. ಜಿ-1ಕ್ಕೆ ಸುಮಾರು 11 ಗಂಟೆ, ಎಸ್‌ಗೆ 8, ಜಿ-2ಕ್ಕೆ 4, ಎಂ ಘಟ್ಟಕ್ಕೆ ಒಂದೇ ಗಂಟೆ. ಕಣ್ಣಿಗೆ ಕಾಣುವ ಕೆಲಸ ಒಂದು ಗಂಟೆಯದು, ಕಾಣದ ಸಿದ್ಧತೆ ಇಪ್ಪತ್ತಮೂರು ಗಂಟೆಯದು!

ರೆಮಾಕ್ ಅವರ ಕಪ್ಪೆಯ ಮೊಟ್ಟೆ ಮಾತ್ರ ಬೆಳೆಯದೆಯೇ ಬೇಗಬೇಗನೆ ಭಾಗವಾಗುತ್ತದಲ್ಲ ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ತಾಯಿಕಪ್ಪೆಯ ಹೊಟ್ಟೆಯಲ್ಲಿದ್ದಾಗಲೇ ಆ ಮೊಟ್ಟೆ ಬಹುಕಾಲ ಬೆಳೆದು, ಬೇಕಾದ ಪ್ರೋಟೀನುಗಳನ್ನೆಲ್ಲ ಕೂಡಿಟ್ಟುಕೊಂಡಿರುತ್ತದೆ. ಆದ್ದರಿಂದ ಮೊದಲ ಕೆಲವು ವಿಭಜನೆಗಳಲ್ಲಿ ಜಿ-1 ಮತ್ತು ಜಿ-2 ಇಲ್ಲವೆನ್ನುವಷ್ಟು ಚಿಕ್ಕವು. ಅಲ್ಲಿಯೂ ಸಿದ್ಧತೆ ತಪ್ಪಿಲ್ಲ. ತಾಯಿ ಅದನ್ನು ಮೊದಲೇ ಮಾಡಿ ಕಳಿಸಿದ್ದಾಳೆ, ಅಷ್ಟೇ.

ಒಂದು ಘಟ್ಟದಿಂದ ಇನ್ನೊಂದಕ್ಕೆ ಹೋಗಲು ಕೋಶಕ್ಕೆ ಅನುಮತಿ ಬೇಕು. ನಡುವೆ ತಪಾಸಣೆಯ ನಾಕಾಗಳಿವೆ. ಕೋಶ ಸಾಕಷ್ಟು ಬೆಳೆದಿದೆಯೇ, ಡಿ.ಎನ್.ಎ.ಗೆ ಹಾನಿಯಾಗಿದೆಯೇ ಎಂದು ಅಲ್ಲಿ ಪರೀಕ್ಷೆಯಾಗುತ್ತದೆ. ಸೈಕ್ಲಿನ್ ಎಂಬ ಪ್ರೋಟೀನುಗಳು ಏರಿಳಿಯುತ್ತ ಈ ಚಕ್ರವನ್ನು ಮುಂದೆ ತಳ್ಳುತ್ತವೆ. ಈ ವ್ಯವಸ್ಥೆಯನ್ನು ಬಿಡಿಸಿ ಹೇಳಿದ್ದಕ್ಕಾಗಿ ಹಾರ್ಟ್‌ವೆಲ್, ಹಂಟ್ ಮತ್ತು ನರ್ಸ್ ಎಂಬ ಮೂವರಿಗೆ 2001ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಪಿ-53 ಎಂಬ ಇನ್ನೊಂದು ಪ್ರೋಟೀನು ಕಾವಲುಗಾರನಂತೆ ನಿಂತು, ಹಾನಿಗೊಂಡ ಕೋಶವನ್ನು ತಡೆಯುತ್ತದೆ. ಮನುಷ್ಯರ ಕ್ಯಾನ್ಸರುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಈ ಕಾವಲುಗಾರನ ಜೀನಿನಲ್ಲೇ ದೋಷವಿರುತ್ತದೆ. ತಪಾಸಣೆ ತಪ್ಪಿಸಿಕೊಂಡು ಹೆಚ್ಚುವ ಕೋಶ ದೇಹಕ್ಕೆ ಬಲವಾಗುವುದಿಲ್ಲ, ರೋಗವಾಗುತ್ತದೆ. ಗಂಟುಗಳ ಕೋಶಗಳೂ ವಿಭಜನೆಯಿಂದಲೇ ಬರುತ್ತವೆ ಎಂದು ರೆಮಾಕ್ 1852ರಲ್ಲೇ ಹೇಳಿದ್ದರ ಮಹತ್ವ ಈಗ ನಿಮಗೆ ಅರ್ಥವಾಗಿರಬಹುದು.

ಮನ್ನಣೆ ಮತ್ತು ಮರೆವು

1855ರಲ್ಲಿ ವಿರ್ಕೋ ಅವರು ಪ್ರತಿಯೊಂದು ಕೋಶವೂ ಕೋಶದಿಂದಲೇ ಬರುತ್ತದೆ ಎಂಬ ತತ್ವವನ್ನು ಲ್ಯಾಟಿನ್ ಭಾಷೆಯ ಚಿಕ್ಕ ಸೂತ್ರವಾಗಿ ಸಾರಿದರು. 1858ರ ಅವರ ಪುಸ್ತಕ ಜಗತ್ಪ್ರಸಿದ್ಧವಾಯಿತು. ರೆಮಾಕ್ ಅವರಿಗೆ ಅದರಲ್ಲಿ ಸಲ್ಲಬೇಕಾದ ಮನ್ನಣೆ ಸಲ್ಲಲಿಲ್ಲ. ರೆಮಾಕ್ ಇದರಿಂದ ನೊಂದರು. ವಿರ್ಕೋ ದೊಡ್ಡ ವಿಜ್ಞಾನಿ ಎಂಬುದರಲ್ಲಿ ಸಂದೇಹವಿಲ್ಲ. ಆ ತತ್ವವನ್ನು ವೈದ್ಯಶಾಸ್ತ್ರಕ್ಕೆಲ್ಲ ಹರಡಿದ ಕೀರ್ತಿ ಅವರದೇ. ಆದರೆ ಸಾಕ್ಷ್ಯಗಳನ್ನು ಕಲೆಹಾಕಿದ ಕೈ ರೆಮಾಕ್ ಅವರದು. ಇಂದಿನ ವಿಜ್ಞಾನ ಚರಿತ್ರಕಾರರು ಈ ಋಣವನ್ನು ಒಪ್ಪಿಕೊಂಡು ಬರೆಯುತ್ತಾರೆ.

ಬೋಧಕರಾದ ಮೇಲೂ ಬಡ್ತಿ ಬೇಗ ಬರಲಿಲ್ಲ. ಸಹಾಯಕ ಪ್ರಾಧ್ಯಾಪಕರಾಗಲು ಮತ್ತೆ ಹನ್ನೆರಡು ವರ್ಷ, ಅಂದರೆ 1859ರ ತನಕ ಕಾಯಬೇಕಾಯಿತು. ಪೂರ್ಣ ಪ್ರಾಧ್ಯಾಪಕ ಪದವಿ ಅವರಿಗೆ ಕೊನೆಗೂ ದೊರೆಯಲಿಲ್ಲ. ಕೊನೆಯ ವರ್ಷಗಳಲ್ಲಿ ನರರೋಗಗಳಿಗೆ ವಿದ್ಯುತ್ತಿನಿಂದ ಚಿಕಿತ್ಸೆ ಮಾಡುವ ವಿಧಾನದ ಮೇಲೆ ಕೆಲಸ ಮಾಡಿದರು. 1865ರ ಆಗಸ್ಟ್ 29ರಂದು ಬವೇರಿಯಾದ ಕಿಸ್ಸಿಂಗೆನ್ ಎಂಬಲ್ಲಿ ನಿಧನರಾದರು. ಆಗ ಅವರ ವಯಸ್ಸು 50 ಮಾತ್ರ. ಮಗ ಅರ್ನ್‌ಸ್ಟ್ ರೆಮಾಕ್ ನರರೋಗ ತಜ್ಞರಾದರು. ಅಜ್ಜನ ಹೆಸರನ್ನೇ ಹೊತ್ತ ಮೊಮ್ಮಗ ರಾಬರ್ಟ್ ರೆಮಾಕ್ ಗಣಿತಜ್ಞರಾಗಿ ಹೆಸರು ಮಾಡಿದರು. ಅವರನ್ನು ನಾತ್ಸಿಗಳು ಆಶ್ವಿಟ್ಜ್ ಶಿಬಿರಕ್ಕೆ ಒಯ್ದರು, 1942ರಲ್ಲಿ ಅಲ್ಲಿಯೇ ಅವರು ಅಸುನೀಗಿದರು. ಅಜ್ಜನಿಗೆ ಹುದ್ದೆಯನ್ನು ನಿರಾಕರಿಸಿದ ದ್ವೇಷ ಮೊಮ್ಮಗನ ಕಾಲಕ್ಕೆ ಪ್ರಾಣವನ್ನೇ ತೆಗೆಯಿತು. ಜನರನ್ನು ಧರ್ಮದಿಂದ ಅಳೆಯುವ ಸಮಾಜ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದಕ್ಕೆ ಈ ಒಂದು ಮನೆತನವೇ ಸಾಕ್ಷಿ.

ನಮಗೇನು ಪಾಠ?

ಪ್ರಿಯ ವಿದ್ಯಾರ್ಥಿಗಳೇ, ನಮ್ಮ ಮನೆಗಳಲ್ಲಿ ಒಂದು ಮಾತು ಆಗಾಗ ಕೇಳಿಬರುತ್ತದೆ. ಎಷ್ಟು ಓದಿದರೂ ನಮಗೆ ಯಾರು ಕೆಲಸ ಕೊಡುತ್ತಾರೆ, ಅದರ ಬದಲು ಗ್ಯಾರೇಜಿಗೋ ಅಂಗಡಿಗೋ ಸೇರಿದರೆ ದಿನದ ಕೂಲಿಯಾದರೂ ಬರುತ್ತದೆ ಎಂಬ ಮಾತು. ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಬೇಗ ಈ ಮಾತು ಬರುತ್ತದೆ. ಕೂಲಿ ದುಡಿಮೆಯಲ್ಲಿ ಅವಮಾನವೇನೂ ಇಲ್ಲ, ಹಲಾಲ್ ಸಂಪಾದನೆ ಗೌರವದ್ದೇ. ಆದರೆ ಬಾಗಿಲು ಮುಚ್ಚಿದೆ ಎಂದು ಕಲಿಕೆಯನ್ನೇ ನಿಲ್ಲಿಸಿದರೆ, ನಾಳೆ ಬಾಗಿಲು ತೆರೆದಾಗ ಒಳಗೆ ಹೋಗಲು ನಮ್ಮಲ್ಲಿ ಯಾರು ಸಿದ್ಧರಿರುತ್ತಾರೆ? 1847ರಲ್ಲಿ ಬಾಗಿಲು ತೆರೆದಾಗ ರೆಮಾಕ್ ಅವರ ಕೈಯಲ್ಲಿ ಒಂಬತ್ತು ವರ್ಷಗಳ ಸಂಶೋಧನೆ ಸಿದ್ಧವಾಗಿತ್ತು. ಹೊರಗಿನಿಂದ ನೋಡಿದವರಿಗೆ ಅದು ಕೆಲಸವಿಲ್ಲದ ವೈದ್ಯನೊಬ್ಬನ ವ್ಯರ್ಥ ಕಾಲವಾಗಿ ಕಂಡಿರಬಹುದು.

ಕೋಶಕ್ಕೂ ಮನುಷ್ಯನಿಗೂ ಒಂದು ವ್ಯತ್ಯಾಸವಿದೆ. ಸಬರ್ ಮಾಡಬೇಕೇ ಬೇಡವೇ ಎಂಬ ಆಯ್ಕೆ ಕೋಶಕ್ಕಿಲ್ಲ. ನಮಗಿದೆ. ಸಬರ್ ಎಂದರೆ ಅನ್ಯಾಯವನ್ನು ಸುಮ್ಮನೆ ಸಹಿಸುವುದೂ ಅಲ್ಲ. ರೆಮಾಕ್ ದೊರೆಗೇ ಅರ್ಜಿ ಬರೆದು ತಮ್ಮ ಹಕ್ಕನ್ನು ಕೇಳಿದರು. ಕೇಳುತ್ತಲೇ ಕೆಲಸವನ್ನೂ ಮಾಡಿದರು. ನಕಲು ಹೊಡೆದು ಪಾಸಾಗುವುದು, ಅಡ್ಡದಾರಿಯಲ್ಲಿ ಪ್ರಮಾಣಪತ್ರ ಪಡೆಯುವುದು ಇವೆಲ್ಲ ನಾಕಾ ತಪ್ಪಿಸಿಕೊಂಡ ಕೋಶದ ದಾರಿಗಳು ಎಂಬುದೂ ನೆನಪಿರಲಿ.

ಸದಸ್ಯ ಬಾಂಧವರಲ್ಲಿ ಒಂದು ವಿನಂತಿ. ವಿದ್ಯಾರ್ಥಿವೇತನಕ್ಕೆ ಕೊಟ್ಟ ಹಣಕ್ಕೆ ಫಲವೆಲ್ಲಿ ಎಂದು ಒಂದೆರಡು ವರ್ಷದಲ್ಲೇ ಕೇಳಬೇಡಿ. ಪಿ.ಯು.ಸಿ.ಯಲ್ಲಿ ಓದುತ್ತಿರುವ ಬಡ ಹುಡುಗಿ ಜಿ-1 ಘಟ್ಟದಲ್ಲಿರುವ ಕೋಶವಿದ್ದಂತೆ. ಆಕೆ ಬೆಳೆಯುತ್ತಿದ್ದಾಳೆ, ನಮಗೆ ಕಾಣುತ್ತಿಲ್ಲ ಅಷ್ಟೇ. ಮನೆಯಲ್ಲಿ ಅನುಕೂಲವಿರುವ ಮಕ್ಕಳಿಗೆ ತಾಯಿಕಪ್ಪೆ ಕಟ್ಟಿಕೊಟ್ಟ ಬುತ್ತಿಯಂತೆ ಎಲ್ಲವೂ ಮೊದಲೇ ಸಿದ್ಧವಿರುತ್ತದೆ. ಇಲ್ಲದವರಿಗೆ ಆ ಬುತ್ತಿಯನ್ನು ಕಟ್ಟಿಕೊಡಬೇಕಾದವರು ನಾವು. ಮ್ಯುಲ್ಲರ್ ಅವರು ರೆಮಾಕ್ ಅವರಿಗೆ ಹುದ್ದೆ ಕೊಡಿಸಲಾಗಲಿಲ್ಲ, ಪ್ರಯೋಗಾಲಯದಲ್ಲಿ ಒಂದು ಜಾಗ ಕೊಟ್ಟರು. ಅಷ್ಟರಿಂದಲೇ ವಿಜ್ಞಾನದ ಒಂದು ದೊಡ್ಡ ಸತ್ಯ ಬೆಳಕಿಗೆ ಬಂತು.

ಇನ್ನು ಮುಂದೆ ಕೋಶವಿಭಜನೆಯ ಪಾಠ ಓದುವಾಗ ಚಿತ್ರ ಬಿಡಿಸಿ ಭಾಗಗಳನ್ನು ಗುರುತಿಸುವುದರ ಜೊತೆಗೆ ರಾಬರ್ಟ್ ರೆಮಾಕ್ ಅವರ ಹೆಸರನ್ನೂ ಪುಸ್ತಕದ ಅಂಚಿನಲ್ಲಿ ಬರೆದುಕೊಳ್ಳಿ. ಪ್ರಯೋಜನಕಾರಿ ವಿದ್ಯೆಯನ್ನೂ, ಅದನ್ನು ತಾಳ್ಮೆಯಿಂದ ಗಳಿಸುವ ಶಕ್ತಿಯನ್ನೂ ಅಲ್ಲಾಹನು ನಮ್ಮೆಲ್ಲರಿಗೂ ದಯಪಾಲಿಸಲಿ. ಆಮೀನ್.